ಐದೈದರ ಎಣಿಕೆ

ಮಾತ್ರೆ ಎಣಿಸುವುದು ಐದೈದಾಗಿ.
ಹತ್ತೊಂಬತ್ತು ವರ್ಷದ ಹಿಂದೆ ಬ್ರಾಷಿಯರ್ ಸಾಹೇಬರು ಕಲಿಸಿದ್ದು.
ನೀಲಿ ತಟ್ಟೆ, ಚಪ್ಪಟೆ ಅಲಗು,
ಐದು, ಹತ್ತು, ಹದಿನೈದು.
ನಡುವೆ ಯಾರಾದರೂ ಮಾತಾಡಿಸಿದರೆ
ಮತ್ತೆ ಮೊದಲಿಂದ.

ಇವತ್ತು ಆಗಲೇ ಮೂರು ಸಲ ಮೊದಲಿಂದ.

ಗೋಡೆಯ ಮೇಲೆ ಟೀವಿ. ಸದ್ದು ಆರಿಸಿದ್ದೇವೆ.
ವಾಷಿಂಗ್ಟನ್ನಿನಲ್ಲಿ ಕೋಟು ತೊಟ್ಟವರು ಎದ್ದು ನಿಲ್ಲುತ್ತಾರೆ,
ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ
ಬಾಯಿ ಅಗಲಿಸುತ್ತಾರೆ, ಮುಚ್ಚುತ್ತಾರೆ.
ಕೆಳಗೆ ಓಡುವ ಪಟ್ಟಿಯಲ್ಲಿ ಎರಡೇ ಪದ:
ರದ್ದು. ಬದಲಿ.
ರದ್ದಿಗೆ ಇವತ್ತೇ ಮುಹೂರ್ತ.
ಬದಲಿಗೆ?
ನೋಡೋಣ.

ಕೆಂಟಕಿಯ ಈ ಕಣಿವೆಯಲ್ಲಿ ಎಲ್ಲಕ್ಕೂ ಅದೇ ಉತ್ತರ,
ಸೇತುವೆಗೂ, ನೀರಿನ ಕೊಳವೆಗೂ.

ಹೈರಮ್ ಸ್ಟಿಡಮ್ ಬಾಗಿಲು ತಳ್ಳಿದ್ದು ಆರೂವರೆಗೆ.
ಅಲ್ಲಿಂದ ಕೌಂಟರಿಗೆ ಹದಿನಾಲ್ಕು ಹೆಜ್ಜೆ.
ಏಳನೆಯದಕ್ಕೆ, ಕೆಮ್ಮಿನ ಸಿರಪ್ಪಿನ ಸಾಲಿನ ಹತ್ತಿರ ನಿಂತು
ಬೆಲೆ ಓದುವವನಂತೆ ನಟಿಸುತ್ತಾನೆ.
ಉಸಿರು ತಿರುಗಿ ಬರುವವರೆಗೂ ಓದುತ್ತಾನೆ.
ಅಲ್ಲಿಯವರೆಗೆ ನಾನೂ ಏನನ್ನೋ ಹುಡುಕುತ್ತೇನೆ.

ಮೂವತ್ತೊಂದು ವರ್ಷ ಕಲ್ಲಿದ್ದಲ ಗಣಿಯಲ್ಲಿ
ಬಂಡೆಗೆ ತೂತು ಕೊರೆದು ಮದ್ದು ತುಂಬಿದವನು.
ಈಗ ತಿಂಗಳಿಗೊಮ್ಮೆ ಮದ್ದಿಗೆ ಬರುತ್ತಾನೆ.
ಆಗಿನ ಮದ್ದಿಗೆ ಯಾರೂ ಕಾರ್ಡು ಕೇಳುತ್ತಿರಲಿಲ್ಲ.

"ಏನು ನಡೀತಿದೆ?" ಗಲ್ಲ ಎತ್ತಿ ಟೀವಿಯತ್ತ ತೋರಿಸಿದ.
"ಆ ಕಾನೂನು ತೆಗೀತಾರಂತೆ."
"ತೆಗೀಲಿ. ಅದಕ್ಕೇ ಓಟು ಹಾಕಿದ್ದು.
ಕೂತು ತಿನ್ನೋರಿಗೆ ಮಾಡಿದ ಕಾನೂನು."
ಕೆಮ್ಮಿದ. ಕರವಸ್ತ್ರ ನೋಡದೆ ಮಡಿಚಿದ.
ಕಾರ್ಡು ತೆಗೆದು ಕೌಂಟರಿನ ಮೇಲಿಟ್ಟ:
ಹಸಿರು ಬೆಟ್ಟ, ಒಂದು ಕೆಂಪು ಹಕ್ಕಿ,
ಬೆಟ್ಟದಾಸರೆ ಅಂತ ಹೆಸರು.
ರಾಜ್ಯದವರು ಬೇಕೆಂದೇ ಇಟ್ಟ ಹೆಸರು.
ಕಾನೂನಿನ ಸ್ವಂತ ಹೆಸರು ಹೇಳಿದ್ದರೆ
ಇಲ್ಲಿ ಯಾರೂ ಸಹಿ ಹಾಕುತ್ತಿರಲಿಲ್ಲ.

"ನಂದು ಇದು. ಇದಕ್ಕೇನೂ ಆಗಲ್ಲ, ಅಲ್ವಾ?"

ಹದಿನೈದು. ಇಪ್ಪತ್ತು.

ಹೇಳಬೇಕಿತ್ತು.
ಅವನ ಭಾಷೆಯಲ್ಲೇ ಹೇಳಬಹುದಿತ್ತು:
ಇದ್ದಲು ಮುಗಿದ ಸುರಂಗದಲ್ಲಿ ಕೊನೆಗೆ
ಬಿಟ್ಟ ಕಂಬಗಳನ್ನೂ ಕೀಳುತ್ತಿದ್ದಿರಲ್ಲ,
ಹಿಂದೆ ಹಿಂದೆ ಸರಿಯುತ್ತ, ಒಂದೊಂದೇ,
ಚಾವಣಿಯ ಲಟಲಟಕ್ಕೆ ಕಿವಿಗೊಟ್ಟು.
ಕೀಳುವವನೂ ಅದರಡಿಯಲ್ಲೇ ಇರುತ್ತಾನೆ,
ಅದಕ್ಕೇ ಅಷ್ಟು ಎಚ್ಚರ, ಅಂದಿದ್ದೆ ನೀನೇ.
ಇವತ್ತು ಕೀಳುವವರೆಲ್ಲ ಹೊರಗಿದ್ದಾರೆ, ಹೈರಮ್.

ಹೇಳಲಿಲ್ಲ.
ನಾನೇನು ಸಾಚಾ ಅಲ್ಲ.
ನನ್ನ ವಿಮೆಯ ಕಂತು ಕಾರಿನ ಕಂತನ್ನು ದಾಟಿದ ವರ್ಷ
ಅಡುಗೆಮನೆಯಲ್ಲಿ ನಿಂತು, ಹಾಳಾಗಿ ಹೋಗಲಿ ಅಂದವಳೇ.
ಗೋಡೆಗೆ ಕೇಳಿತೋ ಏನೋ.

ಹಿಂದಿನಿಂದ ಟ್ವೈಲಾ, ಸೊಂಟದ ಮೇಲೆ ಕೂಸು,
ಇನ್ಸುಲಿನ್ನಿಗೆ ಕಾದು ಸಾಕಾದವಳು, ಅಂದೇಬಿಟ್ಟಳು:
"ಅದೂ ಇದೂ ಒಂದೇ, ತಾತ."

ಫ್ರಿಜ್ಜಿನ ಗೊರಗೊರ ಬಿಟ್ಟರೆ ಸದ್ದಿಲ್ಲ.
ಅವನು ಕಾರ್ಡು ತಿರುಗಿಸಿದ. ಹಿಂಬದಿಯ ಸಣ್ಣಕ್ಷರ
ದೂರ ಹಿಡಿದ, ಹತ್ತಿರ ಹಿಡಿದ.
ಕನ್ನಡಕ ಟ್ರಕ್ಕಿನಲ್ಲಿತ್ತು.
"ಹೆಸರು ಬೇರೆ ಇದೆಯಲ್ಲ," ಅಂದ,
ನನಗಲ್ಲ, ಹಕ್ಕಿಗೆ.

ಆಮೇಲೆ, ಮೆಲ್ಲಗೆ: "ತೊಂಬತ್ತು ಕೊಡೋಕಾಗುತ್ತಾ, ಮೂರು ತಿಂಗಳಿಗೆ?"
"ಮೂವತ್ತೇ. ನಿಯಮ."

ಟೀವಿಯಲ್ಲೂ ಎಣಿಕೆ ಶುರುವಾಗಿತ್ತು.
ಅಲ್ಲಿ ಒಬ್ಬೊಬ್ಬರ ಹೆಸರು ಕೂಗಿ ಎಣಿಸುತ್ತಾರೆ.
ಎಲ್ಲಿಗೆ ನಿಂತಿದ್ದೆನೋ ನನಗೆ ಮರೆತುಹೋಗಿತ್ತು.
ತಟ್ಟೆ ಓರೆ ಮಾಡಿ ಎಲ್ಲವನ್ನೂ ಡಬ್ಬಿಗೆ ಮರಳಿ ಸುರಿದೆ.
ಐದು.

ಹೈರಮ್ ಏಳು ಹೆಜ್ಜೆ ಹಿಂದೆ ಹೋಗಿ
ಸಿರಪ್ಪಿನ ಬೆಲೆ ಓದುತ್ತ ನಿಂತ.
ಈ ಸಲ ನಿಜವಾಗಿ.