ಚೌಕಟ್ಟಿಗೆ ಐದು ತೂತು

ಮುಹರ್ರಕ್‌ನ ಮೀನು ಮಾರ್ಕೆಟ್ಟಿನ ಬೆನ್ನಿಗೆ
ನಮ್ಮ ಅಲ್ ದಾನಾ ಟಾಕೀಸು.
ದಾನಾ ಅಂದರೆ ದೊಡ್ಡ ಮುತ್ತು, ಜರಡಿಯಲ್ಲಿ ಇಳಿಯದ್ದು.
ಮೊದಲು ಅದಕ್ಕೆ ಮಾಡೇ ಇರಲಿಲ್ಲ.
ಎಪ್ಪತ್ತು ಎಂ.ಎಂ. ಬರುತ್ತದೆಂದು
ಯಜಮಾನರು ಆಕಾಶ ಮುಚ್ಚಿಸಿದರು,
ಗೋಡೆ ಒಡೆಸಿ ಪರದೆ ಬಗ್ಗಿಸಿದರು,
ಮುಂದಿನ ಎರಡು ಸಾಲು ಕುರ್ಚಿ ಕೀಳಿಸಿದರು,
ಅಲ್ಲಿ ಕೂತವನ ಕುತ್ತಿಗೆ ಉಳಿಯುವುದಿಲ್ಲ ಅಂತ
ಉಳ್ಳಾಲದ ಹಸನಬ್ಬ ಹೇಳಿದ್ದಕ್ಕೆ.

ಹಸನಬ್ಬ ನನಗೆ ಬೈದು ಬೈದೇ ಕಲಿಸಿದ.
"ಮೂವತ್ತೈದಕ್ಕೆ ನಾಲ್ಕು ತೂತು, ಇದಕ್ಕೆ ಐದು.
ಬೆರಳಲ್ಲಿ ಎಣಿಸು, ಕಣ್ಣು ಸುಳ್ಳು ಹೇಳುತ್ತದೆ.
ವಾಚು ಬಿಚ್ಚಿಡು. ಸ್ಕ್ರೂಡ್ರೈವರ್ ದೂರ ಇಡು.
ಅಂಚಿನ ಕಂದು ಗೆರೆ ಕಂಡಿತಾ?
ಅದರಲ್ಲಿ ಆರು ಬಾಯಿ.
ಅಯಸ್ಕಾಂತ ತಾಗಿದರೆ ಆರೂ ಮೂಕ."

ಬೊಂಬಾಯಿಯ ಹಡಗಿನಲ್ಲಿ ಪೆಟ್ಟಿಗೆಗಳು ಬರುತ್ತಿದ್ದವು.
ಒಂದೊಂದನ್ನು ಎತ್ತಲು ಇಬ್ಬರು.
ಕಸ್ಟಮ್ಸಿನವ ತೂಗಿ ನೋಡಿ ಕೇಳಿದ:
ಒಳಗೆ ಎಂಥದ್ದು, ಕಬ್ಬಿಣವಾ?
ಹಸನಬ್ಬ ಹೇಳಿದ:
"ಒಂದು ಮದುವೆ, ಎರಡು ಕೊಲೆ, ಒಂದು ರೈಲು."
ರೈಲಿಗೆ ಸುಂಕ ಎಷ್ಟೆಂದು ಅವನ ಪುಸ್ತಕದಲ್ಲಿ ಇರಲಿಲ್ಲ.

ಶುಕ್ರವಾರ ಮೂರು ಆಟ.
ವಾರವೆಲ್ಲ ಮರಳಿನಲ್ಲಿ ಪೈಪು ಹೂತವರು
ಅರ್ಧ ದಿನಾರು ಕೊಟ್ಟು ಒಳಗೆ ಬಂದರೆ
ಪರದೆಯ ಈ ತುದಿಯಿಂದ ಆ ತುದಿಗೆ ಮರುಭೂಮಿ!
ಹಿಂದಿನಿಂದ ಯಾರೋ ಕೂಗಿದರು:
"ಓವರ್‌ಟೈಮ್ ಯಾರು ಕೊಡುತ್ತಾರೆ?"
ಇಡೀ ಥಿಯೇಟರು ನಕ್ಕಿತು.
ಆರು ಬಾಯಿ ಸೇರಿದರೂ ಆ ನಗುವಿಗೆ ಸಾಟಿಯಾಗಲಿಲ್ಲ.

ಮುತ್ತು ಕೊಡುವ ಸೀನು ಬಂದರೆ
ಲೆನ್ಸಿಗೆ ಅಂಗೈ ಅಡ್ಡ ಹಿಡಿಯುವುದು ನನ್ನ ಕೆಲಸ.
ಮೂವತ್ತೈದರಲ್ಲಿ ಅಂಗೈ ಸಾಕಾಗುತ್ತಿತ್ತು.
ಎಪ್ಪತ್ತರಲ್ಲಿ ಬೆರಳ ಸಂದಿಯಿಂದ
ಒಂದು ಗಲ್ಲ, ಅರ್ಧ ತುಟಿ ತಪ್ಪಿಸಿಕೊಂಡು
ಇಪ್ಪತ್ತು ಅಡಿ ಅಗಲಕ್ಕೆ ಹೋಗಿ ನಿಂತಿತು.
ಮರುದಿನದಿಂದ ಬಿಸ್ಕತ್ತು ಡಬ್ಬದ ಮುಚ್ಚಳ ಇಟ್ಟುಕೊಂಡೆ.

ಬಾಗಿಲಲ್ಲಿ ಟಿಕೇಟು ಹರಿಯುತ್ತಿದ್ದವರು ಬೂ ರಾಶಿದ್.
ಹರೆಯದಲ್ಲಿ ಮುತ್ತಿಗೆ ಮುಳುಗಿದವರು,
ಕಿವಿ ಎರಡೂ ಒಡೆದವರು.
ಒಂದು ಸಂಜೆ ತುಂಡು ಫಿಲ್ಮು ಎರಡು ಕೊಟ್ಟೆ, ಸಣ್ಣದು, ದೊಡ್ಡದು.
ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು
ಬಲ್ಬಿಗೆ ತಿರುಗಿಸಿ, ಓರೆ ಮಾಡಿ, ಇನ್ನೊಮ್ಮೆ ತಿರುಗಿಸಿ,
ಸಣ್ಣದನ್ನು ನನಗೆ ವಾಪಸು ಕೊಟ್ಟರು.
ಕಡಲಿನ ಸೀನಿಗೆ ಮಾತ್ರ ಒಳಗೆ ಬರುತ್ತಿರಲಿಲ್ಲ.
ಕರೆದೆ. ಅಷ್ಟಗಲದ ನೀರು ಬೇರೆಲ್ಲಿ ಸಿಕ್ಕೀತು ಎಂದೆ.
ಕಿವಿ ಕೇಳದವರ ಗಟ್ಟಿ ಸ್ವರದಲ್ಲಿ ಹೇಳಿದರು:
"ನಿನ್ನದಕ್ಕೆ ಅಂಚು ಉಂಟು, ಮಗನೇ."

ಉಸಿರು ಹಿಡಿದು ಕೆಳಗೆ ನಿಂತವನಿಗೆ
ಎಡ ಬಲ ಎಂಬುದಿಲ್ಲವೇನೋ.
ನಾನು ಕೇಳಲಿಲ್ಲ. ರೀಲು ಬದಲಿಸುವ ಹೊತ್ತಾಗಿತ್ತು.

ಆಮೇಲೆ ಧೂಳು ಗೆದ್ದಿತು.
ಶಮಾಲ್ ಗಾಳಿ ಬೀಸಿದ ರಾತ್ರಿಗಳಲ್ಲಿ
ಕಂದು ಗೆರೆಯ ಮೇಲೆ ಮರಳು ಉಜ್ಜಿ
ನಾಯಕಿಯ ಅಳುವಿನೊಳಗೆ ಮೀನು ಹುರಿವ ಸದ್ದು.
ವೀಡಿಯೊ ಅಂಗಡಿಗಳು ಬಂದವು.
ಪರದೆ ಹರಿದು ತರಕಾರಿ ಲಾರಿಗೆ ಹೊದೆಸಿದರು,
ಅದರ ಸಣ್ಣ ಸಣ್ಣ ತೂತುಗಳಿಂದ
ಟೊಮೆಟೊಗಳ ಮೇಲೆ ಬಿಸಿಲು ಚುಕ್ಕಿಯಿಟ್ಟಿತ್ತು.
ಹಸನಬ್ಬ ನೋಡಲು ಬರಲಿಲ್ಲ.

ಈಗ ಸೀಫ್ ಕಡೆಯ ಮಾಲಿನಲ್ಲಿ
ದೊಡ್ಡ ಪರದೆ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ.
ದೊಡ್ಡದೇ. ಸುಳ್ಳು ಹೇಳಬಾರದು, ಬಾಯಿ ತೆರೆದು ಕೂತಿದ್ದೆ.
ಹೊರಗೆ ಬರುವಾಗ ಆ ಹುಡುಗನನ್ನು ಕೇಳಿದೆ:
ಸಿನಿಮಾ ಎಷ್ಟು ಭಾರ?
ಜೇಬು ಮುಟ್ಟಿ ತೋರಿಸಿ ನಕ್ಕ.

ಕೊನೆಯ ಸಲ ಊರಿಗೆ ಹೊರಟಾಗ
ಪಾಸ್‌ಪೋರ್ಟಿನ ಕವರಿನಿಂದ ಜಾರಿ ಬಿದ್ದ ತುಂಡನ್ನು
ಏರ್‌ಪೋರ್ಟಿನ ಕಾವಲಿನ ಹೆಂಗಸು
ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು.
ಇದರಲ್ಲಿ ಯಾರೂ ಇಲ್ಲವಲ್ಲ ಎಂದಳು.
ಹೌದು. ಬರೀ ಆಕಾಶ,
ಕೆಳಗೆ ಒಂದು ಗೆರೆಯಷ್ಟು ನೀರು,
ಬಲಬದಿಗೆ, ಮೂರನೇ ತೂತಿನ ಪಕ್ಕ,
ಕಚ್ಚಿಕೊಂಡು ಕೂತ ಮುಹರ್ರಕ್‌ನ ಒಂದು ಮರಳು.
ಉಗುರಿನಿಂದ ಕೆರೆಯಲು ಹೋದಳು.
ಬೇಡಮ್ಮ, ಅದು ಇರಲಿ ಎಂದೆ.