ಕಂಬ ಹಿಡಿದವರು

ಅಹ್ಮದಿಯ ಶಾಲೆಯಂಗಳ. ಶುಕ್ರವಾರ, ನಾಲ್ಕು ಗಂಟೆ.
ಕೂಪನ್ ಹರಿದು ಕೊಡುತ್ತಿದ್ದೆ;
ಮರಳುಗಾಳಿ ಎದ್ದು
ಪೆಂಡಾಲಿಗೇ ಕೈ ಹಾಕಿತು.

ಮೂಲೆಗೊಬ್ಬರಂತೆ ಕಂಬ ತಬ್ಬಿದೆವು:
ಗಣಿತದ ಅರುಳಪ್ಪ ಮೇಷ್ಟ್ರು,
ರಾತ್ರಿಪಾಳಿ ಮುಗಿಸಿ ನಿದ್ದೆಗೆಟ್ಟ ನರ್ಸ್ ಬ್ಲಾಂಡಿನಾ,
ಶಾಲೆಯ ಬಸ್ಸು ಓಡಿಸುವ ಪೇಶಾವರದ ನಜಾಕತ್,
ನಾನು.

ಒಂದು ಗಂಟೆ.
ಕೆಳಗೆ ಬಿಂಗೊ ನಿಲ್ಲಲಿಲ್ಲ,
‘ನಲವತ್ತೇಳು’ ಎಂದು ಮೈಕು ಕೂಗುತ್ತಲೇ ಇತ್ತು.
ಹಲ್ಲಿನಲ್ಲಿ ಮರಳು.
ಯಾರದೋ ಮಗು ನನ್ನ ಕಾಲನ್ನೂ ಕಂಬವೆಂದುಕೊಂಡು
ಬಲೂನು ಕಟ್ಟಿ ಹೋಯಿತು.

ಕೈ ಬಿಡುವಂತಿಲ್ಲ; ಅದಕ್ಕೇ
ಸೆವ್ರಿನ್ ಆಂಟಿ ಕಾವಲಿ ಬಿಟ್ಟು ಬಂದು
ನೀರುದೋಸೆ ಮುರಿದು
ಒಬ್ಬೊಬ್ಬರ ಬಾಯಿಗಿಟ್ಟರು.
ನಜಾಕತ್ ಕಣ್ಣು ಮುಚ್ಚಿ ನಾಲಿಗೆ ಚಾಚಿದ,
ಬೆಳಗಿನ ಬಲಿಪೂಜೆಯಲ್ಲಿ
ನಾನು ಚಾಚಿದ ಹಾಗೆಯೇ.

‘ಗಾಳಿ ನಿಂತಿದೆ, ಬಿಡ್ರಪ್ಪಾ’ ಎಂದು
ಯಾರೋ ಬಂದು ಹೇಳಬೇಕಾಯಿತು.