ಒಂದು ಸಾಲು ಕೆಳಗೆ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಮುಗಿದು
ಲಾಟುಗಳು ಆಟೋ ಹತ್ತಿ ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಸರಿಯಾಗಿ
ಚೀಟಿ ಪ್ರಿಂಟರು ಬಾಯಿ ಮುಚ್ಚಿತು.
ಹಿಂದಿನ ರಾತ್ರಿ ನಾನೇ ಸಿಸ್ಟಮ್ಮು ಅಪ್‌ಡೇಟು ಮಾಡಿದ್ದೆ,
ತಪ್ಪು ಯಾರದೆಂದು ಹುಡುಕುವ ಶ್ರಮ ಇರಲಿಲ್ಲ.

ಪ್ಯಾರೇಜಾನ್ ಸಾಬರು ಬೈಯಲಿಲ್ಲ. ಸೀಮೆಸುಣ್ಣ ತಂದು
ಬುಟ್ಟಿಗಳ ಮೇಲೆ ತೂಕ ಬರೆದರು, ಉರ್ದು ಅಂಕಿಯಲ್ಲಿ.
"ನಿನ್ನ ಪುಕ್ಕಟೆ ಕಂಪ್ಯೂಟರಿಗೆ ಜ್ವರ ಬಂದಿದೆ, ಗಂಗರತ್ನಾ.
ಹುಳುವಿಗೂ ಬರುತ್ತೆ, ಏಳುತ್ತೆ."

ಆ ಪ್ರಿಂಟರಿನ ಡ್ರೈವರು ಕಂಪನಿ ಕೊಟ್ಟದ್ದಲ್ಲ,
ಲಿನಕ್ಸಿನವರು ತಮ್ಮ ಒಳಮನೆಯಲ್ಲಿ ಇಟ್ಟುಕೊಂಡದ್ದೂ ಅಲ್ಲ.
ಬಳಸುವವರೇ ತಂದು ಜಗಲಿಯ ಮೇಲಿಟ್ಟು ಹೋಗುವ
ಸಾವಿರಾರು ಪ್ಯಾಕೇಜುಗಳಲ್ಲಿ ಒಂದು.
ಬೇಕಾದವರು ಒಯ್ಯಿರಿ, ಬಿಚ್ಚಿ ನೋಡಿ ಒಯ್ಯಿರಿ,
ಕೆಟ್ಟರೆ ನಮ್ಮನ್ನು ಕೇಳಬೇಡಿ ಎಂದು
ಬಾಗಿಲಲ್ಲೇ ಬರೆದಿದೆ.
ತಂದಿಟ್ಟವನ ಹೆಸರು ಟೋಮಾಶ್.
ಕಡೆಯ ಬದಲಾವಣೆ ಮೂರು ವರ್ಷದ ಹಿಂದೆ,
ಅದರ ಜೊತೆಗೆ ಒಂದೇ ಮಾತು:
ನನ್ನಲ್ಲಿ ನಡೀತಿದೆ, ನಿಮ್ಮಲ್ಲಿ?

ಹಳತಾಗಿದೆ, ಕೆಟ್ಟಿದೆ ಎಂದು ಹನ್ನೊಂದು ಜನ ದೂರಿದ್ದರು.
ಹನ್ನೊಂದು ಜನ.
ಬೇಕಿದ್ದದ್ದು ಒಂದು ಸಾಲಿನ ರಿಪೇರಿ:
ಅದು ಆತುಕೊಂಡಿದ್ದ ಲೈಬ್ರರಿ ಹೆಸರು ಬದಲಿಸಿಕೊಂಡಿತ್ತು,
ಇವನ ಪಟ್ಟಿಯಲ್ಲಿ ಇನ್ನೂ ತವರಿನ ಹೆಸರೇ ಇತ್ತು.

ನನ್ನ ಮೆಷೀನಿನಲ್ಲಿ ತಿದ್ದಿಕೊಂಡು
ಚೀಟಿ ಬಂದ ಮೇಲೆ ಸುಮ್ಮನಿರಬಹುದಿತ್ತು.
ಟೋಮಾಶನಿಗೆ ಬರೆದೆ. ಆ ವಿಳಾಸವೇ ಇಲ್ಲವೆಂದು ಮೇಲು ವಾಪಸು ಬಂತು.
ದತ್ತು ಕೊಡಿ ಎಂದು ಮೇಲಿನವರಿಗೆ ಅರ್ಜಿ ಹಾಕಿದೆ.
ಎರಡು ವಾರ ತಡೆಯಿರಿ, ಅವರು ಬಂದರೂ ಬರಬಹುದು, ಅಂದರು.
ಎರಡು ವಾರವೆಂದರೆ
ಎರಡನೇ ಜ್ವರದಿಂದೆದ್ದ ಹುಳು ನಾಲ್ಕನೆಯದನ್ನೂ ದಾಟಿ
ಹಣ್ಣಾಗಿ ಚಂದ್ರಿಕೆಗೆ ಹತ್ತುವಷ್ಟು ಕಾಲ.
ಟೋಮಾಶ್ ಬರಲಿಲ್ಲ.

ಪ್ಯಾಕೇಜು ನನ್ನ ಹೆಸರಿಗಾದ ರಾತ್ರಿ
ಫೈಲು ತೆರೆದು ಮೊದಲ ಸಾಲಿನಲ್ಲೇ ಕೂತೆ.
ನಿರ್ವಹಣೆ: ಟೋಮಾಶ್.
ಅಳಿಸಲು ಬೆರಳು ಹೋಯಿತು.
ಇಲ್ಲಿಯ ಪದ್ಧತಿಯಲ್ಲಿ ಅಳಿಸುವುದಿಲ್ಲವಂತೆ,
ಒಂದು ಸಾಲು ಕೆಳಗೆ ಸರಿಸುತ್ತಾರೆ.
ಅವನ ಕೆಳಗೆ ಆಗಲೇ ಒಬ್ಬ ರೇಣುಕಾನಂದ, ಒಬ್ಬಳು ಇಂಗ್ರಿಡ್,
ಬರೀ ನಾಲ್ಕು ಅಂಕಿಯೇ ಹೆಸರಾದ ಇನ್ಯಾರೋ,
ಕೊಡುಗೆ, ಕೊಡುಗೆ, ಕೊಡುಗೆ ಎಂದು ಕೂತಿದ್ದರು.
ಸಾಲಿನ ತಲೆಗೆ ಹ್ಯಾಶ್ ಗುರುತು ಇರುವುದರಿಂದ
ಯಂತ್ರ ಇವರನ್ನು ಓದುವುದಿಲ್ಲ, ದಾಟಿಕೊಂಡು ಹೋಗುತ್ತದೆ.
ಓದಿದರೆ ನನ್ನಂಥವರು ಓದಬೇಕು.
ಕನ್ನಡದಲ್ಲೇ ಬರೆದೆ: ಗಂಗರತ್ನ, ಶಿಡ್ಲಘಟ್ಟ.
ಊರು ಯಾರೂ ಕೇಳಿರಲಿಲ್ಲ.

ಮೂರನೇ ತಿಂಗಳು ಯಾರೋ ಒಬ್ಬ ಬಹಳ ವಿನಯದಿಂದ
ತಿದ್ದುಪಡಿ ಕಳಿಸಿದ. ಮೇಲೆಲ್ಲ ಚೊಕ್ಕ.
ಹಾಗೇ ಹಾಕಿಬಿಡುತ್ತಿದ್ದೆ.
ಆದರೆ ಅವತ್ತು ಬೆಳಿಗ್ಗೆ ಸಾಬರು
ಜಾಲರಿಯೊಂದರ ಅಡಿಯ ತನಕ ತೋಳು ಇಳಿಸಿ
ತಳದ ಗೂಡೊಂದನ್ನು ಎತ್ತಿ, ಕಿವಿಯ ಹತ್ತಿರ ಅಲುಗಿಸಿ,
ಬೆಲೆ ಕೂಡ ಹೇಳದೆ ಮುಂದಕ್ಕೆ ನಡೆದಿದ್ದರು.
ಫೈಲಿನ ತಳಕ್ಕೆ ಹೋದೆ.
ಎಲ್ಲ ಮುಗಿದ ಮೇಲೆ ಓಡುವ ಕಡೇ ಸಾಲು
ಗುರುತಿಲ್ಲದ ಯಾವುದೋ ವಿಳಾಸದಿಂದ
ಏನನ್ನೋ ಇಳಿಸಿಕೊಳ್ಳುತ್ತಿತ್ತು.

ಬೇಡ, ಅಂತಷ್ಟೇ ಬರೆದೆ.
ಆಮೇಲೆ ಕೈ ನಡುಗಿತು. ಅವನಿಗಾಗಿ ಅಲ್ಲ,
ನಲವತ್ತಾರು ಮೆಷೀನು ನನ್ನ ಹೆಸರು ನಂಬಿಕೊಂಡು
ಬಿಚ್ಚಿ ನೋಡದೆ ಒಯ್ಯುತ್ತವಲ್ಲ, ಅದಕ್ಕೆ.
ಒಂದು ಎಲ್ಲಿಯದೋ ಔಷಧಿ ಅಂಗಡಿ, ಅಷ್ಟು ಗೊತ್ತು.
ಒಬ್ಬರು ಬೀಜದ ಪೊಟ್ಟಣಕ್ಕೆ ಅಂಟಿಸುತ್ತಾರಂತೆ.
ಒಬ್ಬರು ಪ್ರತಿ ಸಲ ಬೈಯುತ್ತಾರೆ,
ಬೈದು ಅಪ್‌ಡೇಟು ಮಾಡಿಕೊಳ್ಳುತ್ತಾರೆ.

ನಿನ್ನೆ ಹೊಸ ಆವೃತ್ತಿ ಏರಿಸಿದೆ.
ಜೊತೆಗೊಂದು ಮಾತು ಬರೆ ಎಂದು ಪರದೆ ಕಾದಿತ್ತು.
ಏನೂ ಹೊಳೆಯದೆ
ಟೋಮಾಶನ ಮಾತನ್ನೇ ಬರೆದೆ.
ಆಚೆ ಬಾಣಲೆಯಲ್ಲಿ ನೀರು ಕುದಿಯುತ್ತಿತ್ತು.
ಎಳೆಯ ತುದಿ ಸಿಗದೆ ಮೆಹರಾಜಕ್ಕ
ಅದೇ ಗೂಡನ್ನು ಮತ್ತೆ ಮುಳುಗಿಸುತ್ತಿದ್ದಳು.